ಗಣಕ ಪ್ರಶ್ನೋತ್ತರ: ಕೊಟೇಶನ್‌ಗೆ ಸಹಿ ಹಾಕುವ ಮುನ್ನ

ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ರಂದು ಮೈಕ್ರೋಸಾಫ್ಟ್ ಬೆಂಬಲ ನಿಲ್ಲಿಸಿದ ಮೇಲೆ ಈ ಅಂಕಣಕ್ಕೆ ಬರುವ ಪತ್ರಗಳ ಸ್ವರೂಪವೇ ಬದಲಾಗಿದೆ. ಹಿಂದೆ ‘ಕಂಪ್ಯೂಟರ್ ನಿಧಾನವಾಗಿದೆ, ಏನು ಮಾಡಲಿ’ ಎಂದು ಬರೆಯುತ್ತಿದ್ದವರು ಈಗ ಮಾರಾಟಗಾರರ ಕೊಟೇಶನ್ನಿನ ನಕಲು ಲಗತ್ತಿಸಿ ‘ಇದು ಸರಿಯೇ’ ಎಂದು ಕೇಳುತ್ತಿದ್ದಾರೆ. ಒಳ್ಳೆಯದೇ. ಈ ಸಲ ಅಂಥ ಪತ್ರಗಳನ್ನೇ ಆರಿಸಿಕೊಂಡಿದ್ದೇನೆ. ಮೊದಲ ಉತ್ತರ ಉದ್ದವಾಗಿದೆ. ಉಳಿದವರೂ ಅದನ್ನು ಓದಿಕೊಂಡರೆ ಒಂದೇ ಮಾತನ್ನು ಐದು ಸಲ ಬರೆಯುವ ಶ್ರಮ ನನಗೆ ಉಳಿಯುತ್ತದೆ.

ಪ್ರಶ್ನೆ: ನಮ್ಮದು ಪತ್ತಿನ ಸಹಕಾರ ಸಂಘ. ಪ್ರಧಾನ ಕಚೇರಿ ಮತ್ತು ಅದೇ ಆವರಣದ ಗೋದಾಮು ಸೇರಿ 18 ಕಂಪ್ಯೂಟರ್‌ಗಳಿವೆ. ನಾಲ್ಕರಲ್ಲಿ ವಿಂಡೋಸ್ 7, ಉಳಿದವುಗಳಲ್ಲಿ ವಿಂಡೋಸ್ 10. ಸರ್ವರ್‌ನಲ್ಲಿ ವಿಂಡೋಸ್ ಸರ್ವರ್ 2012 ಆರ್2 ಇದೆ. ಠೇವಣಿ ಮತ್ತು ಸಾಲದ ಲೆಕ್ಕಕ್ಕೆ ಖಾಸಗಿ ಸಂಸ್ಥೆಯೊಂದರ ಸಾಫ್ಟ್‌ವೇರ್, ಗೊಬ್ಬರದ ವ್ಯಾಪಾರಕ್ಕೆ ಟ್ಯಾಲಿ, ಪತ್ರ ವ್ಯವಹಾರಕ್ಕೆ ಕನ್ನಡ ಟೈಪಿಂಗ್ ತಂತ್ರಾಂಶ ನುಡಿ. ಮಾರಾಟಗಾರರು ಹೊಸ ಸರ್ವರ್, ವಿಂಡೋಸ್ ಸರ್ವರ್ 2025, 25 ಕ್ಯಾಲ್, 18 ಹೊಸ ಕಂಪ್ಯೂಟರ್ ಎಂದು ಕೊಟೇಶನ್ ಕೊಟ್ಟಿದ್ದಾರೆ. ಮೊತ್ತ ನೋಡಿ ಆಡಳಿತ ಮಂಡಳಿ ಗಾಬರಿಯಾಗಿದೆ. ನಿರ್ದೇಶಕರೊಬ್ಬರ ಮಗ ಬೆಂಗಳೂರಿನಲ್ಲಿ ಎಂಜಿನಿಯರ್. ಅವರು ‘ಎಲ್ಲವನ್ನೂ ಲಿನಕ್ಸ್ ಎಂಬ ಉಚಿತ ಆಪರೇಟಿಂಗ್ ಸಿಸ್ಟಂ ಮಾಡಿ, ಒಂದು ರೂಪಾಯಿಯೂ ಬೇಡ’ ಎನ್ನುತ್ತಾರೆ. ಯಾರ ಮಾತು ಕೇಳಬೇಕು?
— ಕಾರ್ಯದರ್ಶಿ, ಪತ್ತಿನ ಸಹಕಾರ ಸಂಘ, ಶಿರಸಿ

ಉತ್ತರ: ಕಾರ್ಯದರ್ಶಿಗಳೇ, ಸದ್ಯಕ್ಕೆ ಇಬ್ಬರ ಮಾತನ್ನೂ ಬದಿಗಿಡಿ. ಮದುವೆಗೆ ಅಡುಗೆಯವರನ್ನು ಗೊತ್ತು ಮಾಡುವಾಗ ಎಷ್ಟು ಎಲೆ ಎಂಬುದನ್ನು ನಾವು ಹೇಳುತ್ತೇವೆ. ಸರ್ವರ್ ಕೊಳ್ಳುವಾಗ ಮಾತ್ರ ‘ನಮ್ಮ ಮನೆಯಲ್ಲಿ ಎಷ್ಟು ಎಲೆ’ ಎಂದು ಅಡುಗೆಯವರನ್ನೇ ಕೇಳುತ್ತೇವೆ. ಅವರು ದೊಡ್ಡ ಸಂಖ್ಯೆಯನ್ನೇ ಹೇಳುತ್ತಾರೆ. ಅದರಲ್ಲಿ ಅವರ ತಪ್ಪಿಲ್ಲ.

ಒಂದು ನೋಟ್‌ಬುಕ್ ಹಿಡಿದು ಪ್ರತಿ ಮೇಜಿನ ಬಳಿ ಹೋಗಿ. ಇಲ್ಲಿ ಕೂರುವವರು ದಿನವಿಡೀ ಯಾವ ಯಾವ ಪ್ರೋಗ್ರಾಂ ತೆರೆಯುತ್ತಾರೆ, ಕಂಪ್ಯೂಟರ್‌ಗೆ ಯಾವ ಪ್ರಿಂಟರ್ ಜೋಡಿಸಿದೆ, ಯುಎಸ್‌ಬಿ ಕಿಂಡಿಗಳಲ್ಲಿ ಏನೇನು ಚುಚ್ಚಿದೆ ಎಂದು ಬರೆದುಕೊಳ್ಳಿ. ನಿಮ್ಮಂಥ ಸಂಘದಲ್ಲಿ ಆಪರೇಟಿಂಗ್ ಸಿಸ್ಟಂ ಯಾವುದೆಂದು ತೀರ್ಮಾನಿಸುವುದು ನಾನೂ ಅಲ್ಲ, ಆ ಎಂಜಿನಿಯರೂ ಅಲ್ಲ. ಕೌಂಟರಿನ ಪಾಸ್‌ಬುಕ್ ಪ್ರಿಂಟರ್, ಪಿಗ್ಮಿ ಸಂಗ್ರಹಕಾರರು ಸಂಜೆ ತಂದು ಕೇಬಲ್ಲಿಗೆ ಸಿಕ್ಕಿಸುವ ಕೈಯಂತ್ರ, ತೆರಿಗೆ ವಿವರ ಸಲ್ಲಿಸುವ ಡಿಜಿಟಲ್ ಸಹಿಯ ಟೋಕನ್, ಇವು ತೀರ್ಮಾನಿಸುತ್ತವೆ. ಕೈಯಂತ್ರದಿಂದ ಲೆಕ್ಕ ಎಳೆದುಕೊಳ್ಳುವ ಪ್ರೋಗ್ರಾಂ ವಿಂಡೋಸ್‌ಗೆ ಮಾತ್ರ ಇದ್ದರೆ ಆ ಮೇಜಿನ ಮಟ್ಟಿಗೆ ಚರ್ಚೆ ಮುಗಿಯಿತು. ಮೂಲೆಯಲ್ಲಿ ಕ್ಯಾನನ್ ಎಲ್‌ಬಿಪಿ 2900 ಪ್ರಿಂಟರ್ ಇದೆಯೇ ನೋಡಿ. ನಮ್ಮ ಕಚೇರಿಗಳಲ್ಲಿ ಅದು ಇಲ್ಲದ ಮೂಲೆ ಅಪರೂಪ. ಗಟ್ಟಿ ಯಂತ್ರ, ಆದರೆ ಅದಕ್ಕೆ ಲಿನಕ್ಸ್‌ನಲ್ಲಿ ಡ್ರೈವರ್ ಕೂರಿಸಲು ಹೊರಟವರ ತಾಳ್ಮೆ ಪರೀಕ್ಷೆಯಾಗುತ್ತದೆ. ಎಚ್‌ಪಿ 1020 ಪರವಾಗಿಲ್ಲ. ಪ್ಲಗಿನ್ ಒಂದನ್ನು ಇಳಿಸಿಕೊಂಡರೆ ಕೆಲಸ ಮಾಡುತ್ತದೆ.

ಈಗ ಎಂಜಿನಿಯರ್ ಹೇಳಿದ್ದಕ್ಕೆ ಬರುತ್ತೇನೆ. ಲಿನಕ್ಸ್‌ನ ಪರವಾನಗಿಗೆ ಹಣ ಬೇಡ ಎಂಬುದು ನಿಜ. ಅವರ ಕಂಪನಿಯಲ್ಲಿ ಸರ್ವರ್‌ಗಳೆಲ್ಲ ಲಿನಕ್ಸ್ ಎಂಬುದೂ ನಿಜವೇ ಇರಬೇಕು. ಆದರೆ ಅಲ್ಲಿ ರಾತ್ರಿ ಸರ್ವರ್ ನಿಂತರೆ ಎದ್ದು ಬರುವ ಸಂಬಳದ ಜನರಿದ್ದಾರೆ. ಆಷಾಢದ ಮಳೆಯಲ್ಲಿ ಶಿರಸಿಯ ಸರ್ವರ್ ನಿಂತಾಗ ಯಾರು ಬರುತ್ತಾರೆ? ಅವರನ್ನೇ ಕೇಳಿ. ‘ನಾನು ದೂರದಿಂದ ನೋಡಿಕೊಳ್ಳುತ್ತೇನೆ’ ಎಂದರೆ, ಅವರು ಕೆಲಸ ಬದಲಿಸಿ ವಿದೇಶಕ್ಕೆ ಹೋದ ಮೇಲೆ ಯಾರು ಎಂದೂ ಕೇಳಿ. ಊರಿನಲ್ಲೇ ಅಥವಾ ಹುಬ್ಬಳ್ಳಿಯಲ್ಲಿ ಲಿನಕ್ಸ್ ಬಲ್ಲ ಒಬ್ಬರು ವಾರ್ಷಿಕ ನಿರ್ವಹಣೆಗೆ ಒಪ್ಪಿದರೆ ನನ್ನ ಉತ್ತರ ಬೇರೆ. ಒಪ್ಪದಿದ್ದರೆ ಸಂಘದ ಲೆಕ್ಕವಿರುವ ಸರ್ವರನ್ನು ಯಾರಿಗೂ ಗೊತ್ತಿಲ್ಲದ ವ್ಯವಸ್ಥೆಗೆ ಒಪ್ಪಿಸಬೇಡಿ.

ಮಾರಾಟಗಾರರ ಕೊಟೇಶನ್ನಿನಲ್ಲಿ ನನಗೆ ಕಂಡ ದೋಷ ಬೇರೆ. ಕ್ಯಾಲ್ ಎಂದರೆ ಸರ್ವರ್ ಬಳಸಲು ಪ್ರತಿ ವ್ಯಕ್ತಿಗೆ ಅಥವಾ ಪ್ರತಿ ಕಂಪ್ಯೂಟರ್‌ಗೆ ಬೇಕಾದ ಅನುಮತಿ. ನಿಮ್ಮಲ್ಲಿ 18 ಯಂತ್ರಗಳಿರುವಾಗ 25 ಏಕೆ ಎಂದು ಯಾರೂ ಕೇಳಿದಂತಿಲ್ಲ. ಅದಕ್ಕಿಂತ ಮುಖ್ಯವಾದದ್ದೆಂದರೆ, ವಿಂಡೋಸ್ ಸರ್ವರ್‌ನಲ್ಲಿ ಎಸೆನ್ಷಿಯಲ್ಸ್ ಎಂಬ ಆವೃತ್ತಿ ಇದೆ. ಅದನ್ನು ಸರ್ವರ್ ತಯಾರಕರು ಯಂತ್ರದ ಜೊತೆಗೇ ಕೊಡುತ್ತಾರೆ. 25 ಬಳಕೆದಾರರು ಮತ್ತು 50 ಯಂತ್ರಗಳವರೆಗೆ ಕ್ಯಾಲ್ ಬೇಕಿಲ್ಲ. ಒಂದೇ ಪ್ರೊಸೆಸರ್, ಅದರಲ್ಲೂ 10 ಕೋರ್ (ಪ್ರೊಸೆಸರಿನೊಳಗೆ ಲೆಕ್ಕ ಮಾಡುವ ಘಟಕ) ಎಂಬ ಮಿತಿ ಇದೆ. 18 ಕಂಪ್ಯೂಟರ್‌ಗಳ ಸಂಘಕ್ಕೆ ಅಷ್ಟು ಧಾರಾಳ. ಸ್ಟ್ಯಾಂಡರ್ಡ್ ಆವೃತ್ತಿಯನ್ನು ಕೋರ್ ಲೆಕ್ಕದಲ್ಲಿ ಮಾರುತ್ತಾರೆ. ನಿಮ್ಮ ಸರ್ವರ್‌ನಲ್ಲಿ 8 ಕೋರ್ ಇದ್ದರೂ ಕನಿಷ್ಠ 16ಕ್ಕೆ ಹಣ ಕೊಡಬೇಕು, ಕ್ಯಾಲ್ ಅದರ ಮೇಲೆ. ಎಸೆನ್ಷಿಯಲ್ಸ್‌ಗೆ ದರ ಕೊಡಿ ಎಂದು ಪತ್ರ ಬರೆಯಿರಿ. ‘ಅದು ಈಗ ಬರುವುದಿಲ್ಲ’ ಎಂಬ ಉತ್ತರ ಬಂದರೆ ಇನ್ನೊಬ್ಬ ಮಾರಾಟಗಾರರನ್ನು ಕೇಳಿ.

ಸ್ಟ್ಯಾಂಡರ್ಡ್ ಆವೃತ್ತಿಗೂ ಒಂದು ಸಮರ್ಥನೆ ಇದೆ. ಅದರ ಪರವಾನಗಿಯಲ್ಲಿ ಒಂದೇ ಯಂತ್ರದೊಳಗೆ ಎರಡು ವರ್ಚುವಲ್ ಸರ್ವರ್ (ತಂತ್ರಾಂಶದಲ್ಲೇ ರೂಪಿಸಿದ, ಬೇರೆ ಬೇರೆಯಾಗಿ ಓಡುವ ಸರ್ವರ್) ನಡೆಸಬಹುದು: ಒಂದರಲ್ಲಿ ಬಳಕೆದಾರರ ಹೆಸರು, ಪಾಸ್‌ವರ್ಡ್‌ಗಳ ಡೊಮೈನ್, ಇನ್ನೊಂದರಲ್ಲಿ ಸಾಲದ ಸಾಫ್ಟ್‌ವೇರಿನ ಡೇಟಾಬೇಸ್. ಶಾಖೆಗಳನ್ನು ತೆರೆಯುವ ಯೋಚನೆ ಇದ್ದರೆ ಅದು ಸರಿ.

ಸಾಲದ ಸಾಫ್ಟ್‌ವೇರ್ ಮಾಡಿಕೊಟ್ಟ ಸಂಸ್ಥೆಗೆ ಇಂದೇ ಒಂದು ಪತ್ರ ಹೋಗಲಿ. ಯಾವ ಡೇಟಾಬೇಸ್, ಯಾವ ಆವೃತ್ತಿ, ವಿಂಡೋಸ್ ಸರ್ವರ್ 2025ರಲ್ಲಿ ಪರೀಕ್ಷಿಸಿದ್ದೀರಾ, ಇದಕ್ಕೆ ಲಿಖಿತ ಉತ್ತರ ಪಡೆಯಿರಿ. 2012 ಆರ್2 ಕಾಲದ ಸರ್ವರ್‌ನಲ್ಲಿ ಎಸ್‌ಕ್ಯೂಎಲ್ ಸರ್ವರ್ 2012 ಎಂಬ ಡೇಟಾಬೇಸ್ ಕೂತಿರುವ ಸಂಭವ ಹೆಚ್ಚು. ಅದರ ಬೆಂಬಲ 2022ರ ಜುಲೈನಲ್ಲೇ ಮುಗಿದಿದೆ. ಮನೆ ಹೊಸದು ಮಾಡಿ ಗೆದ್ದಲು ಹಿಡಿದ ಪೆಟ್ಟಿಗೆಯನ್ನು ಒಳಗಿಟ್ಟರೆ ಏನು ಬಂತು! ಸಂಸ್ಥೆಯವರು 2022ರ ಸರ್ವರ್‌ವರೆಗೆ ಮಾತ್ರ ಭರವಸೆ ಕೊಟ್ಟರೆ ಗಾಬರಿ ಬೇಡ. 2025ರ ಪರವಾನಗಿ ಕೊಂಡು 2022 ಹಾಕಿಕೊಳ್ಳಲು ಅವಕಾಶವಿದೆ. 2022ಕ್ಕೆ 2031ರ ಅಕ್ಟೋಬರ್‌ವರೆಗೆ, 2025ಕ್ಕೆ 2034ರವರೆಗೆ ಭದ್ರತಾ ಪರಿಷ್ಕರಣೆಗಳು ಬರುತ್ತವೆ. ಯಾರಾದರೂ ‘ಕಡಿಮೆ ಬೆಲೆಗೆ ಸರ್ವರ್ 2016 ಕೊಡುತ್ತೇನೆ’ ಎಂದರೆ ಕೈಮುಗಿದು ಕಳುಹಿಸಿ. ಅದರ ಆಯುಸ್ಸು 2027ರ ಜನವರಿ 12ಕ್ಕೆ ಮುಗಿಯುತ್ತದೆ. ನಿಮ್ಮ 2012 ಆರ್2 ಸಾಮಾನ್ಯ ಬೆಂಬಲ ಕಳೆದುಕೊಂಡದ್ದು 2023ರ ಅಕ್ಟೋಬರ್‌ನಲ್ಲಿ.

ಹದಿನೆಂಟೂ ಹೊಸ ಕಂಪ್ಯೂಟರ್ ಬೇಕಿಲ್ಲ. ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ ಮತ್ತು ಇಂಟೆಲ್ ಆದರೆ ಸಾಮಾನ್ಯವಾಗಿ ಎಂಟನೆಯ ತಲೆಮಾರಿನ ಅಥವಾ ಅನಂತರದ ಪ್ರೊಸೆಸರ್ ಬೇಕು. 2018ರ ಈಚೆಗೆ ಕೊಂಡ ಯಂತ್ರಗಳಲ್ಲಿ ಬಹುತೇಕ ಎರಡೂ ಇರುತ್ತವೆ. ಟಿಪಿಎಂ ಇದ್ದೂ ಬಯಾಸ್‌ನಲ್ಲಿ (ಕಂಪ್ಯೂಟರ್ ಶುರುವಾಗುವಾಗಿನ ಮೂಲ ಸೆಟ್ಟಿಂಗ್‌ಗಳಲ್ಲಿ) ಬಂದ್ ಮಾಡಿಟ್ಟಿರುವುದು ಸಾಮಾನ್ಯ; ‘ಈ ಕಂಪ್ಯೂಟರ್ ಆಗುವುದಿಲ್ಲ’ ಎಂದು ಮಾರಾಟಗಾರರು ಹೇಳಿದ ಯಂತ್ರಗಳನ್ನು ಒಮ್ಮೆ ನೀವೇ ಪರೀಕ್ಷಿಸಿ. ಮೈಕ್ರೋಸಾಫ್ಟ್‌ನ ಪಿಸಿ ಹೆಲ್ತ್ ಚೆಕ್ ಉಚಿತ. ಕೌಂಟರ್, ನಗದು, ಸಾಲ ವಿಭಾಗ, ಟ್ಯಾಲಿ, ಇಲ್ಲೆಲ್ಲ ವಿಂಡೋಸ್ 11 ಪ್ರೊ ಇರಲಿ. ಹೋಮ್ ಆವೃತ್ತಿ ಡೊಮೈನ್‌ಗೆ ಸೇರುವುದಿಲ್ಲ. ಕೊಟೇಶನ್ನಿನಲ್ಲಿ ಬರೀ ‘ವಿಂಡೋಸ್ 11’ ಎಂದಿದ್ದರೆ ಪ್ರೊ ಎಂದು ಬರೆಸಿ.

ಉಳಿಯುವುದು ಪತ್ರ ಬರೆಯುವ, ಬ್ರೌಸರ್ ತೆರೆಯುವ ಮೇಜುಗಳು, ಗೋದಾಮಿನ ಕಂಪ್ಯೂಟರ್, ಅಧ್ಯಕ್ಷರ ಕೊಠಡಿಯಲ್ಲಿ ಅಲಂಕಾರಕ್ಕಿರುವ ಕಂಪ್ಯೂಟರ್. ಎಂಜಿನಿಯರ್ ಮಗನ ಉತ್ಸಾಹಕ್ಕೆ ಇಲ್ಲಿ ಜಾಗ ಕೊಡಿ. ಎಂಟನೆಯ ತಲೆಮಾರಿಗಿಂತ ಹಳೆಯ ಯಂತ್ರಗಳಿಗೆ ಒಂದೊಂದು ಎಸ್‌ಎಸ್‌ಡಿ (ವೇಗದ ಹೊಸ ಬಗೆಯ ಡಿಸ್ಕ್) ಹಾಕಿ ಲಿನಕ್ಸ್ ಮಿಂಟ್ 22 ಕೂರಿಸಿದರೆ 2029ರವರೆಗೆ ಪರಿಷ್ಕರಣೆ ಬರುತ್ತದೆ. ಕನ್ನಡ ಟೈಪಿಂಗ್‌ಗೆ ಕಗಪ ಕೀಲಿಮಣೆ ವಿನ್ಯಾಸ ಅದರಲ್ಲೇ ಇದೆ. ನುಡಿಯಲ್ಲಿ ಟೈಪ್ ಮಾಡಿದ ಬೆರಳುಗಳಿಗೆ ಹೊಸದಾಗಿ ಕಲಿಯುವುದು ಹೆಚ್ಚೇನೂ ಇಲ್ಲ. ತೊಡಕು ಹಳೆಯ ಕಡತಗಳದ್ದು. ಯೂನಿಕೋಡ್ (ಎಲ್ಲ ಕಂಪ್ಯೂಟರ್‌ಗಳೂ ಒಂದೇ ರೀತಿ ಓದುವ ಅಕ್ಷರ ಸಂಕೇತ) ಅಲ್ಲದ ನುಡಿ ಅಕ್ಷರಗಳಲ್ಲಿ ಬರೆದ ಠರಾವುಗಳು, ಸಭೆಯ ನಡಾವಳಿಗಳು ಆ ಫಾಂಟ್ ಇಲ್ಲದ ಕಡೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿಯಾಗಿ ಕಾಣುತ್ತವೆ. ಯಂತ್ರ ಬದಲಿಸುವ ಮೊದಲೇ ಪರಿವರ್ತಕ ಬಳಸಿ ಅವನ್ನು ಯೂನಿಕೋಡ್‌ಗೆ ತನ್ನಿ. ಒತ್ತಕ್ಷರ ಮತ್ತು ಅರ್ಕಾವತ್ತು ಇರುವ ಕಡೆ ಕಣ್ಣಿಟ್ಟು ಓದಿ. ಪರಿವರ್ತಕಗಳು ಎಡವುವುದು ಅಲ್ಲೇ. ಸದಸ್ಯರ ಹೆಸರುಗಳಲ್ಲಿ ತಪ್ಪು ನುಸುಳಿದರೆ ಮುಂದೆ ಚುನಾವಣೆಯ ಹೊತ್ತಿಗೆ ನಿಮಗೇ ತಲೆನೋವು.

ವಿಂಡೋಸ್ 7ರ ನಾಲ್ಕು ಯಂತ್ರಗಳನ್ನು ಮಾತ್ರ ಕೊಟೇಶನ್ ಮಂಜೂರಾಗುವವರೆಗೂ ಕಾಯದೆ ಜಾಲದಿಂದ ಬಿಡಿಸಿ. 2020ರ ಜನವರಿಯಿಂದ ಅವುಗಳಿಗೆ ದಿಕ್ಕಿಲ್ಲ. 2017ರ ಮೇ ತಿಂಗಳಿನಲ್ಲಿ ಒತ್ತೆ ಹಣ ಕೇಳುವ ವನ್ನಾಕ್ರೈ ತಂತ್ರಾಂಶ ಹಬ್ಬಿದ್ದು, ವಿಂಡೋಸ್ ಕಂಪ್ಯೂಟರ್‌ಗಳು ಜಾಲದಲ್ಲಿ ಕಡತ ಹಂಚಿಕೊಳ್ಳುವ ಭಾಷೆಯಾದ ಎಸ್‌ಎಂಬಿಯ ಹಳೆಯ ಮೊದಲ ಆವೃತ್ತಿಯಲ್ಲಿದ್ದ ಬಿರುಕಿನಿಂದ. ಅದನ್ನು ಮುಚ್ಚುವ ಪರಿಷ್ಕರಣೆ ಮಾರ್ಚ್‌ನಲ್ಲೇ ಬಂದಿತ್ತು, ಹಾಕಿಕೊಳ್ಳದವರು ಅನುಭವಿಸಿದರು. ಈಗಲೂ ಕಚೇರಿಗಳಲ್ಲಿ ಆ ಬಾಗಿಲನ್ನು ಮತ್ತೆ ತೆರೆಯಿಸುವುದು ಹಳೆಯ ಜೆರಾಕ್ಸ್ ಯಂತ್ರ: ಸ್ಕ್ಯಾನ್ ಮಾಡಿದ್ದನ್ನು ಫೋಲ್ಡರ್‌ಗೆ ಕಳುಹಿಸಲು ಅದಕ್ಕೆ ಆ ಭಾಷೆಯೊಂದೇ ಗೊತ್ತು. ದುರಸ್ತಿಗೆ ಬಂದ ಹುಡುಗ ಸರ್ವರ್‌ನಲ್ಲಿ ಅದನ್ನು ಚಾಲೂ ಮಾಡಿ ಹೋಗುತ್ತಾನೆ. ಸ್ಕ್ಯಾನ್ ಇ-ಮೇಲ್‌ಗೆ ಹೋಗುವಂತೆ ಮಾಡಿಸಿ ಅಥವಾ ಯುಎಸ್‌ಬಿ ಕಡ್ಡಿಗೆ ತೆಗೆದುಕೊಳ್ಳಿ.

ಇನ್ನು ಕೊಟೇಶನ್ನಿನಲ್ಲಿ ಇಲ್ಲವೇ ಇಲ್ಲದ ಸಂಗತಿ. ಬ್ಯಾಕಪ್‌ಗೆ ಒಂದು ಸಾಲೂ ಇಲ್ಲ! ಸರ್ವರ್‌ನಲ್ಲಿ ಎರಡು ಡಿಸ್ಕ್‌ಗಳ ರೈಡ್ ಇದೆಯಲ್ಲ ಎನ್ನುತ್ತಾರೆ. ರೈಡ್ ಎಂದರೆ ಒಂದು ಡಿಸ್ಕ್ ಕೆಟ್ಟರೂ ಕೆಲಸ ನಿಲ್ಲದಂತೆ ಮಾಡುವ ಏರ್ಪಾಡು. ಒತ್ತೆ ಹಣ ಕೇಳುವ ತಂತ್ರಾಂಶ ನುಗ್ಗಿದರೆ ಎರಡೂ ಡಿಸ್ಕ್‌ಗಳ ಲೆಕ್ಕ ಒಂದೇ ಕ್ಷಣದಲ್ಲಿ ಹಾಳಾಗುತ್ತದೆ. ನಿವೃತ್ತಿಯಾಗುವ ಕಂಪ್ಯೂಟರ್‌ಗಳಲ್ಲಿ ಗಟ್ಟಿಯಾದ ಒಂದನ್ನು ಆರಿಸಿ, ಎರಡು ಹೊಸ ಡಿಸ್ಕ್ ಹಾಕಿ, ಡೆಬಿಯನ್ 13 ಎಂಬ ಲಿನಕ್ಸ್ ಕೂರಿಸಿ. ಆ ಯಂತ್ರ ರಾತ್ರಿ ಸರ್ವರ್‌ನಿಂದ ಪ್ರತಿಯನ್ನು ತಾನೇ ಎಳೆದುಕೊಳ್ಳಬೇಕು. ಸರ್ವರ್‌ಗೆ ಅದರ ಮೇಲೆ ಬರೆಯುವ ಅಧಿಕಾರ ಇರಬಾರದು. ಆಗ ಸರ್ವರ್ ಕೈತಪ್ಪಿದರೂ ಬ್ಯಾಕಪ್ ಉಳಿಯುತ್ತದೆ. ಇದು ಲಿನಕ್ಸ್ ಚೆನ್ನಾಗಿ ಮಾಡುವ ಕೆಲಸ, ಒಮ್ಮೆ ಸರಿಯಾಗಿ ಹೊಂದಿಸಿದರೆ ಹೆಚ್ಚು ಆರೈಕೆ ಕೇಳುವುದಿಲ್ಲ. ಎಂಜಿನಿಯರ್ ಮಗ ಒಂದು ಶನಿವಾರ ಬಂದು ಮಾಡಿಕೊಡಲಿ. ಜೊತೆಗೆ ಎರಡು ಹೊರಗಿನ ಡಿಸ್ಕ್‌ಗಳನ್ನು ವಾರಕ್ಕೊಮ್ಮೆ ಅದಲು ಬದಲು ಮಾಡಿ, ಒಂದು ಯಾವಾಗಲೂ ಆವರಣದ ಹೊರಗಿರಲಿ. ಮೂರು ತಿಂಗಳಿಗೊಮ್ಮೆ ಬ್ಯಾಕಪ್ಪನ್ನು ಬೇರೆ ಯಂತ್ರದಲ್ಲಿ ಬಿಚ್ಚಿ, ಹಿಂದಿನ ದಿನದ ತಾಳೆಪಟ್ಟಿ ತೆಗೆದು ಮುದ್ರಿತ ಪ್ರತಿಯೊಂದಿಗೆ ಹೋಲಿಸಿ. ತಾಳೆಯಾಗದ ಬ್ಯಾಕಪ್ ಬ್ಯಾಕಪ್ ಅಲ್ಲ.

ಮಲೆನಾಡಿನವರಿಗೆ ಇನ್ನೊಂದು ಮಾತು. ಕಚೇರಿಗೂ ಗೋದಾಮಿಗೂ ನಡುವೆ ಹೊರಗೆ ತಾಮ್ರದ ನೆಟ್‌ವರ್ಕ್ ತಂತಿ ಎಳೆದಿದ್ದರೆ, ಮುಂಗಾರಿನ ಮೊದಲ ಸಿಡಿಲಿಗೆ ಎರಡೂ ಕಡೆಯ ಸ್ವಿಚ್ ಸುಡಬಹುದು. ಆ ಭಾಗಕ್ಕೆ ಆಪ್ಟಿಕಲ್ ಫೈಬರ್ ಹಾಕಿಸಿ. ಯುಪಿಎಸ್‌ನ ಬ್ಯಾಟರಿ ಮುಗಿಯುವ ಮುನ್ನ ಸರ್ವರ್ ತಾನಾಗಿ ಸ್ಥಗಿತಗೊಳ್ಳುವಂತೆ ಯುಎಸ್‌ಬಿ ತಂತಿ ಜೋಡಿಸಿ ಹೊಂದಿಸಲು ಹೇಳಿ. ಆ ತಂತಿ ಯುಪಿಎಸ್ ಡಬ್ಬಿಯಲ್ಲೇ ಪ್ಲಾಸ್ಟಿಕ್ ಚೀಲದಲ್ಲಿ ಉಳಿದಿರುವುದನ್ನು ಬೇಕಾದಷ್ಟು ಕಡೆ ನೋಡಿದ್ದೇನೆ.

ಸರ್ವರ್‌ನ ಗಡಿಯಾರವನ್ನು ಎನ್‌ಐಸಿ (ರಾಷ್ಟ್ರೀಯ ಮಾಹಿತಿ ಕೇಂದ್ರ) ಅಥವಾ ರಾಷ್ಟ್ರೀಯ ಭೌತಿಕ ಪ್ರಯೋಗಾಲಯದ ಸಮಯ ಸರ್ವರ್‌ಗೆ ಹೊಂದಿಸಿ, ಲಾಗ್‌ಗಳನ್ನು (ಸರ್ವರ್ ತಾನೇ ಬರೆದಿಡುವ ಚಟುವಟಿಕೆಯ ದಾಖಲೆ) 180 ದಿನ ಉಳಿಸಿ. ಸೈಬರ್ ದಾಳಿಗಳನ್ನು ನಿಭಾಯಿಸುವ ಕೇಂದ್ರ ಸರ್ಕಾರದ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನ ಇದನ್ನು ಕೇಳುತ್ತದೆ. ದಾಳಿಯಾದರೆ ಗೊತ್ತಾದ ಆರು ಗಂಟೆಯೊಳಗೆ ಅವರಿಗೆ ತಿಳಿಸಬೇಕೆಂದೂ ಅದರಲ್ಲಿದೆ. ಆ ಇ-ಮೇಲ್ ವಿಳಾಸವನ್ನು ಕಾಗದದ ಮೇಲೆ ಬರೆದು ಗೋಡೆಗೆ ಅಂಟಿಸಿ. ಆ ದಿನ ಕಂಪ್ಯೂಟರ್ ತೆರೆಯುವುದಿಲ್ಲ.

ಪ್ರಶ್ನೆ: ನಾನು ಲೆಕ್ಕ ಪರಿಶೋಧಕ. ಕಚೇರಿಯಲ್ಲಿ ಆರು ಕಂಪ್ಯೂಟರ್‌ಗಳಿವೆ, ಎಲ್ಲವೂ ಇಂಟೆಲ್ ಆರನೆಯ ತಲೆಮಾರು. ನಿಯಮ ತಪ್ಪಿಸಿ ವಿಂಡೋಸ್ 11 ಹಾಕಿಕೊಡುವುದಾಗಿ ಪರಿಚಿತರೊಬ್ಬರು ಹೇಳುತ್ತಾರೆ. ಅಂತರ್ಜಾಲದಲ್ಲಿ ಕೆಲವು ನೂರು ರೂಪಾಯಿಗೆ ಪ್ರೊ ಕೀಲಿಯೂ ಸಿಗುತ್ತದೆಯಂತೆ. ಹಾಕಿಸಬಹುದೇ?
— ಹುಬ್ಬಳ್ಳಿ

ಉತ್ತರ: ಹಾಕಿದರೆ ಓಡುತ್ತದೆ. ಆದರೆ ಅಂಥ ಯಂತ್ರಕ್ಕೆ ಪರಿಷ್ಕರಣೆ ಪಡೆಯುವ ಹಕ್ಕಿಲ್ಲ ಎಂದು ಮೈಕ್ರೋಸಾಫ್ಟ್ ಮೊದಲೇ ಹೇಳಿಬಿಟ್ಟಿದೆ. ವರ್ಷಕ್ಕೊಮ್ಮೆ ಬರುವ ದೊಡ್ಡ ಆವೃತ್ತಿ ತಾನಾಗಿ ಬರುವುದಿಲ್ಲ, ಪ್ರತಿ ಸಲವೂ ಅದೇ ಪರಿಚಿತರನ್ನು ಕರೆಯಬೇಕು. ಮನೆಯಲ್ಲಿ ಹವ್ಯಾಸಕ್ಕೆ ಮಾಡಿಕೊಳ್ಳಿ. ನೂರಾರು ಜನರ ಆದಾಯದ ವಿವರ ಇಟ್ಟುಕೊಂಡವರು ಮಾಡಬಾರದು. ಕೆಲವು ನೂರು ರೂಪಾಯಿಯ ಕೀಲಿಗಳು ಬಹುಮಟ್ಟಿಗೆ ಯಾವುದೋ ಸಂಸ್ಥೆಯ ಪರವಾನಗಿಯಿಂದ ಸೋರಿದವು. ಬೇರೆಯವರ ಲೆಕ್ಕದಲ್ಲಿ ಬಿಲ್ ಎಲ್ಲಿ ಎಂದು ಕೇಳುವವರು ತಮ್ಮ ಕಂಪ್ಯೂಟರಿನ ಬಿಲ್ ತೋರಿಸಲಾಗದ ಸ್ಥಿತಿ ತಂದುಕೊಳ್ಳಬೇಡಿ.

ವಿಂಡೋಸ್ 10ಕ್ಕೇ ಹಣ ಕೊಟ್ಟು ವಿಸ್ತರಿತ ಭದ್ರತಾ ಪರಿಷ್ಕರಣೆ ಪಡೆಯಬಹುದು. ಸಂಸ್ಥೆಗಳಿಗೆ ಮೊದಲ ವರ್ಷ ಯಂತ್ರಕ್ಕೆ 61 ಡಾಲರ್, ಮುಂದೆ ಪ್ರತಿ ವರ್ಷ ದುಪ್ಪಟ್ಟು, ಒಟ್ಟು ಮೂರು ವರ್ಷ. ತಡವಾಗಿ ಸೇರಿದರೆ ಹಿಂದಿನ ವರ್ಷದ್ದನ್ನೂ ತೆರಬೇಕು. ಮೂರೂ ವರ್ಷದ್ದನ್ನು ಕೂಡಿ ನೋಡಿ. ಆ ಹಣಕ್ಕೆ ವಾರಂಟಿ ಸಹಿತ ಹೊಸ ಯಂತ್ರವೇ ಬಂದುಬಿಡುವ ಹತ್ತಿರ ಹೋಗುತ್ತದೆ. ಟ್ಯಾಲಿ ಮತ್ತು ಡಿಜಿಟಲ್ ಸಹಿ ಇರುವ ಮೂರು ಮೇಜುಗಳಿಗೆ ಹೊಸ ಯಂತ್ರ ಕೊಳ್ಳಿ. ಸಹಾಯಕರು ಬ್ರೌಸರಿನಲ್ಲೇ ಜಿಎಸ್‌ಟಿ, ಆದಾಯ ತೆರಿಗೆಯ ಜಾಲತಾಣ ನೋಡುವ ಉಳಿದ ಮೂರಕ್ಕೆ ಉಬುಂಟು 24.04 ಎಂಬ ಲಿನಕ್ಸ್ ಸಾಕು. ಆದರೆ ಮೊದಲು ಅವರ ಎಕ್ಸೆಲ್ ಹಾಳೆಗಳಲ್ಲಿ ಮ್ಯಾಕ್ರೋ (ಹಾಳೆಯೊಳಗೆ ಬರೆದಿಟ್ಟ ಸಣ್ಣ ಪ್ರೋಗ್ರಾಂ) ಇದೆಯೇ ನೋಡಿ. ಇದ್ದರೆ ಲಿನಕ್ಸ್‌ನಲ್ಲಿ ಎಕ್ಸೆಲ್ ಬದಲಿಗೆ ಬಳಸುವ ಲಿಬ್ರೆ ಆಫೀಸ್‌ನಲ್ಲಿ ಅವು ಕೈಕೊಡುವ ಸಾಧ್ಯತೆ ಹೆಚ್ಚು, ಮಾರ್ಚ್ 31ರ ಹತ್ತಿರ ಅದನ್ನು ಕಂಡುಕೊಳ್ಳುವುದು ಬೇಡ.

ಕೇಳದಿದ್ದರೂ ಹೇಳುತ್ತೇನೆ. ಗ್ರಾಹಕರ ಸಹಿ ಟೋಕನ್‌ಗಳನ್ನೆಲ್ಲ ಒಂದೇ ಖಾನೆಯಲ್ಲಿ ಹಾಕಿ, ಪ್ರತಿಯೊಂದರ ಮೇಲೂ ಪಿನ್ ಬರೆದ ಚೀಟಿ ಅಂಟಿಸುವ ಪದ್ಧತಿ ನಿಮ್ಮಲ್ಲಿ ಇದ್ದರೆ ಯಾವ ಆಪರೇಟಿಂಗ್ ಸಿಸ್ಟಮ್ಮೂ ನಿಮ್ಮನ್ನು ಕಾಯುವುದಿಲ್ಲ.

ಪ್ರಶ್ನೆ: ನಮ್ಮ ಕಚೇರಿಗೆ ಹೊಸದಾಗಿ ತಂದ ವಿಂಡೋಸ್ 11 ಕಂಪ್ಯೂಟರ್‌ನಿಂದ ಹಳೆಯ ನೆಟ್‌ವರ್ಕ್ ಡಿಸ್ಕ್ ತೆರೆಯುತ್ತಿಲ್ಲ. ಹಳೆಯ ಕಂಪ್ಯೂಟರ್‌ಗಳಿಂದ ಪಾಸ್‌ವರ್ಡ್ ಇಲ್ಲದೆಯೇ ತೆರೆಯುತ್ತದೆ. ಹೊಸದರಲ್ಲಿ ದೋಷವಿದೆಯೇ?
— ವಕೀಲರ ಕಚೇರಿ, ತುಮಕೂರು

ಉತ್ತರ: ದೋಷ ಹಳೆಯ ಅಭ್ಯಾಸದಲ್ಲಿದೆ. ವಿಂಡೋಸ್ 11ರ 24ಎಚ್2 ಆವೃತ್ತಿಯಿಂದ ಪ್ರೊ ಯಂತ್ರಗಳು ಕಡತ ಹಂಚಿಕೆಯಲ್ಲಿ ಸಹಿ ಪರಿಶೀಲನೆಯನ್ನು ಕಡ್ಡಾಯ ಮಾಡಿವೆ. ಪಾಸ್‌ವರ್ಡ್ ಇಲ್ಲದ ಅತಿಥಿ ಪ್ರವೇಶಕ್ಕೆ ಅದು ಒಪ್ಪುವುದಿಲ್ಲ. ಇಂಟರ್‌ನೆಟ್‌ನಲ್ಲಿ ಸಿಗುವ ಆಜ್ಞೆಗಳನ್ನು ಹೊಡೆದು ಈ ರಕ್ಷಣೆಯನ್ನು ಕಿತ್ತುಹಾಕಬೇಡಿ. ಡಿಸ್ಕ್‌ನ ಫರ್ಮ್‌ವೇರ್ (ಅದರೊಳಗಿನ ತಂತ್ರಾಂಶ) ಹೊಸದಕ್ಕೆ ಏರಿಸಿ, ಎಸ್‌ಎಂಬಿ 3 ಆಯ್ಕೆ ಮಾಡಿ, ಕಚೇರಿಯಲ್ಲಿರುವ ಪ್ರತಿಯೊಬ್ಬರಿಗೂ ಬೇರೆ ಹೆಸರು, ಪಾಸ್‌ವರ್ಡ್ ಕೊಡಿ. ಫರ್ಮ್‌ವೇರ್ ಸಿಗದಷ್ಟು ಹಳೆಯದಾದರೆ ಹೊಸ ಡಿಸ್ಕ್ ಕೊಳ್ಳಿ. ಕಕ್ಷಿದಾರರ ಕಾಗದಪತ್ರ ಇಷ್ಟು ದಿನ ವೈ-ಫೈ ಪಾಸ್‌ವರ್ಡ್ ಗೊತ್ತಿದ್ದವರಿಗೆಲ್ಲ ತೆರೆದಿತ್ತು ಎಂಬುದನ್ನೂ ಗಮನಿಸಿ.

ಪ್ರಶ್ನೆ: ಅನುದಾನಿತ ಪ್ರೌಢಶಾಲೆಯ ವಿಜ್ಞಾನ ಶಿಕ್ಷಕಿ ನಾನು. ಬೆಂಗಳೂರಿನ ಕಂಪನಿಯೊಂದು 20 ಹಳೆಯ ಕಂಪ್ಯೂಟರ್ ದಾನ ಕೊಟ್ಟಿದೆ. ಐ3 ನಾಲ್ಕನೆಯ ತಲೆಮಾರು, 4 ಜಿಬಿ ರ‍್ಯಾಮ್, ಡಿಸ್ಕ್ ಖಾಲಿ. ವಿಂಡೋಸ್‌ಗೆ ಹಣವಿಲ್ಲ, ಇಂಟರ್‌ನೆಟ್ ಬಂದರೆ ಬಂತು, ಹೋದರೆ ಹೋಯಿತು. ಇವುಗಳಿಂದ ಏನಾದರೂ ಆದೀತೇ?
— ಗುಂಡ್ಲುಪೇಟೆ

ಉತ್ತರ: ಮೇಡಂ, ನಿಮ್ಮೂರಿನಿಂದ ಗಡಿ ದಾಟಿದರೆ ಸುಲ್ತಾನ್ ಬತ್ತೇರಿ. ಅಲ್ಲಿನ ಸರ್ಕಾರಿ ಶಾಲೆಗಳ ಪ್ರಯೋಗಾಲಯದಲ್ಲಿ ಉಬುಂಟು ಆಧಾರಿತ ಲಿನಕ್ಸ್ ಇದೆ. ಕೇರಳ ಸರ್ಕಾರದ ಕೈಟ್ ಸಂಸ್ಥೆ ಅದನ್ನು ಶಾಲೆಗಳಿಗಾಗಿಯೇ ಸಿದ್ಧಪಡಿಸಿ ಹಂಚುತ್ತದೆ, ಶಿಕ್ಷಕರಿಗೆ ತರಬೇತಿ ಕೊಡುತ್ತದೆ. ಒಂದು ರಜೆಯಲ್ಲಿ ಹೋಗಿ ನೋಡಿ ಬನ್ನಿ. ಯಾರ ಭಾಷಣಕ್ಕಿಂತಲೂ ಅದು ಹೆಚ್ಚು ತಿಳಿಸುತ್ತದೆ.

ನಿಮ್ಮ ಯಂತ್ರಗಳಿಗೆ ಎಕ್ಸ್‌ಎಫ್‌ಸಿಇ ಎಂಬ ಹಗುರವಾದ ಮುಖಪುಟವಿರುವ ಲಿನಕ್ಸ್ ಮಿಂಟ್ ಹಾಕಿ. ಎಸ್‌ಎಸ್‌ಡಿ ಹಾಕಿಸಲು ಹಳೆಯ ವಿದ್ಯಾರ್ಥಿಗಳನ್ನು ಕೇಳಿ. ಹಳೆಯ ಕಂಪ್ಯೂಟರಿಗೆ ಅದು ಕೊಡುವ ಚುರುಕನ್ನು ಯಾವ ಆಪರೇಟಿಂಗ್ ಸಿಸ್ಟಮ್ಮೂ ಕೊಡುವುದಿಲ್ಲ. ಗಣಿತಕ್ಕೆ ಜಿಯೋಜಿಬ್ರಾ, ಪ್ರೋಗ್ರಾಮಿಂಗ್‌ಗೆ ಸ್ಕ್ರ್ಯಾಚ್ ಮತ್ತು ಪೈಥಾನ್, ಎಲ್ಲ ಉಚಿತ. ಇಪ್ಪತ್ತರಲ್ಲಿ ಒಂದನ್ನು ಸರ್ವರ್ ಮಾಡಿ ಅದರಲ್ಲಿ ಕಿವಿಕ್ಸ್ ಕೂರಿಸಿದರೆ ಕನ್ನಡ ವಿಕಿಪೀಡಿಯ ಪೂರ್ತಿಯಾಗಿ ನಿಮ್ಮ ಕೊಠಡಿಯೊಳಗೇ ಇರುತ್ತದೆ. ಹತ್ತೊಂಬತ್ತು ಯಂತ್ರಗಳೂ ಇಂಟರ್‌ನೆಟ್ ಇಲ್ಲದೆ ಓದಬಹುದು. ಆ ಕಡತವನ್ನು ಬೆಂಗಳೂರಿನಲ್ಲಿರುವ ಯಾರಾದರೂ ಇಳಿಸಿ ಕಡ್ಡಿಯಲ್ಲಿ ತಂದುಕೊಟ್ಟರಾಯಿತು. ಒಂದು ಯಂತ್ರವನ್ನು ಪೂರ್ತಿ ಸಿದ್ಧಪಡಿಸಿ, ಕ್ಲೋನ್‌ಜಿಲ್ಲಾದಿಂದ ಉಳಿದವಕ್ಕೆ ನಕಲು ಮಾಡಿ. ಒಂಬತ್ತನೆಯ ತರಗತಿಯ ಮಕ್ಕಳಿಗೆ ಈ ಕೆಲಸ ಬಿಟ್ಟುಕೊಡಿ, ನಿಮಗಿಂತ ಬೇಗ ಮಾಡುತ್ತಾರೆ.

ಪ್ರಶ್ನೆ: ನಮ್ಮದು ಮುದ್ರಣಾಲಯ. ಪುಟವಿನ್ಯಾಸದ ತಂತ್ರಾಂಶ ಪೇಜ್‌ಮೇಕರ್ 7 ಇರುವ ಎರಡು ವಿಂಡೋಸ್ ಎಕ್ಸ್‌ಪಿ ಯಂತ್ರಗಳಲ್ಲೇ ಇಪ್ಪತ್ತು ವರ್ಷದ ಕೆಲಸ ಇದೆ. ಹೊಸ ಜಾಲಕ್ಕೆ ಇವನ್ನು ಸೇರಿಸಲು ತಂತ್ರಜ್ಞರು ಒಪ್ಪುತ್ತಿಲ್ಲ. ಬಿಡುವ ಹಾಗೂ ಇಲ್ಲ.
— ಗದಗ

ಉತ್ತರ: ಒಪ್ಪದ ತಂತ್ರಜ್ಞರಿಗೆ ಒಂದು ಚಹಾ ಕುಡಿಸಿ. ಎಕ್ಸ್‌ಪಿಯ ಬೆಂಬಲ ನಿಂತದ್ದು 2014ರ ಏಪ್ರಿಲ್ 8ಕ್ಕೆ. ಪೇಜ್‌ಮೇಕರ್ 7 ಬಂದದ್ದು 2001ರಲ್ಲಿ, ಅದಾದ ಮೇಲೆ ಹೊಸ ಆವೃತ್ತಿ ಬರಲಿಲ್ಲ. ಆದರೂ ಮುದ್ರಣದ ಊರಿನಲ್ಲಿ ಕೂತ ನಿಮ್ಮ ಕಷ್ಟ ನನಗೆ ಅರ್ಥವಾಗುತ್ತದೆ. ಲಗ್ನಪತ್ರಿಕೆ, ಪಂಚಾಂಗ, ಕ್ಯಾಲೆಂಡರ್ ಎಲ್ಲದರ ಹಳೆಯ ಕಡತ ಅದರಲ್ಲೇ. ಗಿರಾಕಿ ಬಂದು ‘ಹೋದ ವರ್ಷದ್ದನ್ನೇ ದಿನಾಂಕ ಬದಲಿಸಿ ಕೊಡಿ’ ಎಂದರೆ ತೆರೆಯಲೇಬೇಕು.

ಒಂದು ಒಳ್ಳೆಯ ಹೊಸ ಯಂತ್ರದಲ್ಲಿ, ಅದು ವಿಂಡೋಸ್ 11 ಆಗಲಿ ಲಿನಕ್ಸ್ ಆಗಲಿ, ಒಂದು ಕಂಪ್ಯೂಟರಿನೊಳಗೆ ಇನ್ನೊಂದನ್ನು ನಡೆಸುವ ತಂತ್ರಾಂಶ ವರ್ಚುವಲ್‌ಬಾಕ್ಸ್ ಹಾಕಿ, ಅದರೊಳಗೆ ಎಕ್ಸ್‌ಪಿ ಮತ್ತು ಪೇಜ್‌ಮೇಕರ್ ಕೂರಿಸಿ. ಆ ವರ್ಚುವಲ್ ಯಂತ್ರಕ್ಕೆ ನೆಟ್‌ವರ್ಕ್ ಕಾರ್ಡೇ ಇಲ್ಲದಂತೆ ಮಾಡಿ. ಒಂದು ಹಂಚಿಕೆಯ ಫೋಲ್ಡರ್ ಮೂಲಕ ಕಡತ ಒಳಗೆ ಹೋಗಲಿ, ಮುದ್ರಣಕ್ಕೆ ಸಿದ್ಧವಾದ ಪೋಸ್ಟ್‌ಸ್ಕ್ರಿಪ್ಟ್ ಕಡತ ಹೊರಗೆ ಬರಲಿ. ಹೊಸ ಯಂತ್ರ ಅದನ್ನು ಪಿಡಿಎಫ್ ಮಾಡಿ ಪ್ಲೇಟ್‌ಗೆ ಕಳುಹಿಸುತ್ತದೆ. ಲಿಪಿ ತಂತ್ರಾಂಶದ ಡಾಂಗಲ್ (ಪರವಾನಗಿಯ ಬೀಗದಂತೆ ಚುಚ್ಚಿಡುವ ಸಾಧನ) ಯುಎಸ್‌ಬಿಯದಾದರೆ ವರ್ಚುವಲ್ ಯಂತ್ರಕ್ಕೆ ದಾಟಿಸಬಹುದು. ಪ್ರಿಂಟರ್ ಪೋರ್ಟಿಗೆ ಹಾಕುವ ಹಳೆಯ ಬಗೆಯದಾದರೆ ಕಷ್ಟ. ಆಗ ಒಂದು ಎಕ್ಸ್‌ಪಿ ಯಂತ್ರವನ್ನು ಜಾಲದಿಂದ ಬಿಡಿಸಿ ಹಾಗೆಯೇ ಉಳಿಸಿಕೊಳ್ಳಿ, ಅದರ ಡಿಸ್ಕ್‌ನ ಪೂರ್ತಿ ಪ್ರತಿ ತೆಗೆದಿಡಿ. ಆ ಡಿಸ್ಕ್‌ಗೂ ಇಪ್ಪತ್ತು ವರ್ಷ ಎಂಬುದು ನೆನಪಿರಲಿ.

ಹೊಸ ಕೆಲಸವನ್ನು ಮಾತ್ರ ಇನ್ನು ಪೇಜ್‌ಮೇಕರ್‌ನಲ್ಲಿ ಆರಂಭಿಸಬೇಡಿ. ಪುಟವಿನ್ಯಾಸದ ಹೊಸ ತಂತ್ರಾಂಶ ಇನ್‌ಡಿಸೈನ್‌ನಲ್ಲಿ ವರ್ಲ್ಡ್-ರೆಡಿ ಕಂಪೋಸರ್ ಆರಿಸಿದರೆ ಯೂನಿಕೋಡ್ ಕನ್ನಡ ಸರಿಯಾಗಿ ಕೂರುತ್ತದೆ. ಬಾಡಿಗೆ ಹಣ ಹೊರೆ ಎನಿಸಿದರೆ ಸ್ಕ್ರೈಬಸ್ 1.6 ಉಚಿತ, ಒತ್ತಕ್ಷರಗಳನ್ನೂ ನಿಭಾಯಿಸುತ್ತದೆ. ನಿಮ್ಮ ಕಂಪೋಸಿಟರ್ ಮೊದಲ ತಿಂಗಳು ಗೊಣಗುತ್ತಾರೆ, ಗೊಣಗಲಿ.

ಪ್ರಶ್ನೆ: ಸೆಂಟೋಸ್ 7 ಎಂಬ ಲಿನಕ್ಸ್ ಮೇಲೆ ನಮ್ಮ ಕಚೇರಿಯ ಮೇಲ್ ಮತ್ತು ಕಡತಗಳ ಸರ್ವರ್ ಇದೆ. ತೊಂದರೆ ಕೊಟ್ಟಿಲ್ಲ. ಬದಲಿಸಲೇಬೇಕೇ?
— ಮಂಗಳೂರು

ಉತ್ತರ: ಬದಲಿಸಲೇಬೇಕು. 2024ರ ಜೂನ್ 30ಕ್ಕೆ ಅದರ ಕಾಲ ಮುಗಿಯಿತು. ಅದೇ ಪರಿಚಿತ ರೀತಿ ಬೇಕೆಂದರೆ ಆಲ್ಮಾ ಅಥವಾ ರಾಕಿ, ಹೊಸದನ್ನು ಕಲಿಯಲು ಸಿದ್ಧರಿದ್ದರೆ ಡೆಬಿಯನ್. ಕೂತಲ್ಲೇ ಮೇಲ್ದರ್ಜೆಗೇರಿಸುವ ಸಲಕರಣೆಗಳಿವೆ, ಆದರೆ ಮೇಲ್ ಸರ್ವರ್‌ನಲ್ಲಿ ನಾನು ಅದಕ್ಕೆ ಕೈಹಾಕುವುದಿಲ್ಲ. ಪಕ್ಕದಲ್ಲಿ ಹೊಸ ಯಂತ್ರ ಸಿದ್ಧಪಡಿಸಿ, ಡೇಟಾ ದಾಟಿಸಿ, ಒಂದು ಭಾನುವಾರ ವಿಳಾಸ ಬದಲಿಸಿ. ಹಳೆಯದನ್ನು ಒಂದು ತಿಂಗಳು ಬಂದ್ ಮಾಡಿಟ್ಟು ಆಮೇಲೆ ಅಳಿಸಿ.

ಪ್ರಶ್ನೆ: ನರ್ಸಿಂಗ್ ಹೋಮ್‌ನಲ್ಲಿ ಒಂಬತ್ತು ಕಂಪ್ಯೂಟರ್, ಸರ್ವರ್ 2019ರ ಡೊಮೈನ್. ಪ್ರತಿ ಸೋಮವಾರ ಬೆಳಗ್ಗೆ ಔಷಧ ವಿಭಾಗದ ಒಂದು ಕಂಪ್ಯೂಟರ್ ಮಾತ್ರ ಒಳಗೆ ಬಿಡುವುದಿಲ್ಲ, ಸರ್ವರ್‌ಗೂ ತನಗೂ ಸಮಯದಲ್ಲಿ ವ್ಯತ್ಯಾಸವಿದೆ ಎನ್ನುತ್ತದೆ. ತಂತ್ರಜ್ಞರು ಸರ್ವರನ್ನೇ 2025ಕ್ಕೆ ಏರಿಸಬೇಕು ಎನ್ನುತ್ತಾರೆ.
— ಮಂಡ್ಯ

ಉತ್ತರ: ಸರ್ವರ್ 2019ಕ್ಕೆ 2029ರ ಜನವರಿವರೆಗೆ ಆಯುಸ್ಸಿದೆ, ಈಗ ಮುಟ್ಟಬೇಡಿ. ಡೊಮೈನ್‌ನಲ್ಲಿ ಕಂಪ್ಯೂಟರಿನ ಗಡಿಯಾರ ಸರ್ವರ್‌ಗಿಂತ ಐದು ನಿಮಿಷಕ್ಕೂ ಹೆಚ್ಚು ಆಚೀಚೆಯಾದರೆ ಪ್ರವೇಶ ಸಿಗುವುದಿಲ್ಲ. ಭಾನುವಾರ ಔಷಧ ವಿಭಾಗದವರು ಗೋಡೆಯ ಸ್ವಿಚ್ ಆರಿಸಿ ಹೋಗುತ್ತಾರೆ, ಮದರ್‌ಬೋರ್ಡಿನ ಬ್ಯಾಟರಿ ಸತ್ತಿರುವುದರಿಂದ ಗಡಿಯಾರ ಯಾವುದೋ ಹಳೆಯ ವರ್ಷಕ್ಕೆ ಹೋಗುತ್ತದೆ. ಆ ಬ್ಯಾಟರಿ ಬದಲಿಸಿ. ಸಿಆರ್2032 ಎಂದು ಕೇಳಿ, ಕೈಗಡಿಯಾರ ದುರಸ್ತಿಯ ಅಂಗಡಿಯಲ್ಲೂ ಸಿಗುತ್ತದೆ.